ಖಾಲಿ ಸಾಲಿನ ಕೆಳಗಿನವರು

ಆ ಕಚೇರಿಯಲ್ಲಿ ಎಲ್ಲರೂ ಅವನನ್ನು ಬಟನ್ ಅಣ್ಣ ಅಂತಲೇ ಕರೆಯುತ್ತಿದ್ದರು. ಅವನ ಷರಟಿಗೂ ಈ ಹೆಸರಿಗೂ ಏನೂ ಸಂಬಂಧವಿಲ್ಲ. ಒಂದೂವರೆ ವರ್ಷದ ಹಿಂದೆ ಅವನು ಕಂಪ್ಯೂಟರಿನಲ್ಲಿ ಒಂದು ಹಸಿರು ಬಟನ್ ಮಾಡಿಟ್ಟಿದ್ದ. ಅದನ್ನೊಮ್ಮೆ ಒತ್ತಿದರೆ ಮೂವತ್ತೆಂಟು ಫೈಲುಗಳು ಒಂದರ ಹಿಂದೊಂದು ತಾವೇ ತೆರೆದುಕೊಂಡು, ತಮ್ಮ ಹೊಟ್ಟೆಯಲ್ಲಿದ್ದದ್ದನ್ನು ಒಂದೇ ದೊಡ್ಡ ಪಟ್ಟಿಗೆ ಸುರಿದು, ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಅಂದಿನಿಂದ ಹೆಸರು ಅಂಟಿಕೊಂಡಿತು. ಅವನಿಗೂ ಅದೇನೂ ಬೇಡವಾಗಿರಲಿಲ್ಲ.

ಕೆಲಸ ಇಷ್ಟೇ. ಸುತ್ತಮುತ್ತಲಿನ ಮೂವತ್ತೆಂಟು ಆರೋಗ್ಯ ಕೇಂದ್ರಗಳಲ್ಲಿ ಹೃದಯದ ಆಪರೇಷನ್‌ಗೆ ಹೆಸರು ಕೊಟ್ಟು ಕಾಯುತ್ತಿರುವವರಿದ್ದರು. ಒಂದೊಂದು ಕೇಂದ್ರದ ನರ್ಸ್ ತನ್ನ ಕಡೆಯವರ ಹೆಸರು, ವಯಸ್ಸು, ಕಾರ್ಡ್ ನಂಬರು, ಫೋನು, ಹೆಸರು ಕೊಟ್ಟ ದಿನ ಇವಿಷ್ಟನ್ನು ಶೀಟಿನಲ್ಲಿ ತುಂಬಿ ತಿಂಗಳಿಗೊಮ್ಮೆ ಕಳಿಸಬೇಕು. ಬಟನ್ ಅಣ್ಣ ಅವೆಲ್ಲವನ್ನೂ ಕೂಡಿಸಿ, ಹೆಸರು ಕೊಟ್ಟ ದಿನದ ಪ್ರಕಾರ ಜೋಡಿಸಿ, ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಅಲ್ಲಿಯವರು ಪಟ್ಟಿಯ ಮೇಲಿನಿಂದ ಒಬ್ಬೊಬ್ಬರಿಗೇ ಫೋನ್ ಮಾಡಿ, ನಿಮ್ಮ ಸರದಿ ಬಂತು ಬನ್ನಿ ಎನ್ನುತ್ತಾರೆ. ಹೊಸ ತಿಂಗಳ ಪಟ್ಟಿ ಬಂದ ಕೂಡಲೇ ಹಳೆಯದನ್ನು ಯಾರೂ ತಿರುಗಿ ನೋಡುವುದಿಲ್ಲ. ಪಟ್ಟಿಯಲ್ಲಿ ಇದ್ದರೆ ಇದ್ದೀರಿ, ಇಲ್ಲದಿದ್ದರೆ ಇಲ್ಲ.

ಮೊದಲು ಇದನ್ನೆಲ್ಲ ಅವನು ಕೈಯಿಂದಲೇ ಮಾಡುತ್ತಿದ್ದ. ಒಂದು ಫೈಲ್ ತೆರೆ, ಸಾಲುಗಳನ್ನು ಎತ್ತು, ಇಲ್ಲಿ ತಂದು ಅಂಟಿಸು, ಅದನ್ನು ಮುಚ್ಚು, ಮುಂದಿನದು ತೆರೆ. ಮೂರು ದಿನ ಹಿಡಿಯುತ್ತಿತ್ತು. ಕಣ್ಣು ಉರಿ, ಕುತ್ತಿಗೆ ಬಿಗಿ, ಮನೆಗೆ ಹೋದರೆ ಹೆಂಡತಿಯ ಮುಖದ ಮೇಲೂ ಗೆರೆಗಳೇ ಕಾಣುತ್ತಿದ್ದವು. ಆಮೇಲೆ ಹಟ ಹಿಡಿದು ಮ್ಯಾಕ್ರೋ ಬರೆಯುವುದನ್ನು ಕಲಿತ. ಮ್ಯಾಕ್ರೋ ಅಂದರೆ ದೊಡ್ಡ ವಿದ್ಯೆಯೇನಲ್ಲ. ಒಮ್ಮೆ ಹೇಳಿಕೊಟ್ಟದ್ದನ್ನು ಚಾಚೂ ತಪ್ಪದೆ ಮಾಡುವ ಆಳು ಅದು. ಸ್ವಂತ ಬುದ್ಧಿ ಮಾತ್ರ ಸಾಸಿವೆಯಷ್ಟೂ ಇಲ್ಲ. ಮೇಲಿನಿಂದ ಒಂದೊಂದೇ ಸಾಲು ಎತ್ತುತ್ತ ಕೆಳಗೆ ಹೋಗು, ಖಾಲಿ ಸಾಲು ಸಿಕ್ಕಿತೋ ಆ ಫೈಲ್ ಮುಗಿಯಿತೆಂದು ತಿಳಿ, ಮುಂದಿನದಕ್ಕೆ ನಡೆ ಎಂದು ಅವನು ಅದಕ್ಕೆ ಹೇಳಿಕೊಟ್ಟಿದ್ದ. ಮೂರು ದಿನದ ಕೆಲಸ ನಾಲ್ಕು ನಿಮಿಷಕ್ಕೆ ಇಳಿಯಿತು. ಕೊನೆಯಲ್ಲಿ ಪರದೆಯ ಮೇಲೆ 'ಎಲ್ಲ ಸೇರಿತು' ಎಂದು ಒಂದು ಚಿಕ್ಕ ಚೌಕ ಮೂಡುವಂತೆ ಮಾಡಿದ್ದ. ಆ ಎರಡು ಪದಗಳನ್ನೂ ಅವನೇ ಬರೆದದ್ದು, ಯಾರೂ ಕೇಳಿರಲಿಲ್ಲ.

ಅಂದಿನಿಂದ ಅವನು ಒಂದು ಫೈಲನ್ನೂ ತೆರೆದು ನೋಡಲಿಲ್ಲ. ನೋಡುವ ಅಗತ್ಯವೇನಿತ್ತು?

ನವೆಂಬರಿನ ಒಂದು ಬೆಳಿಗ್ಗೆ ಬೋರ್ಡ್ ಬರೆಯುವವನೊಬ್ಬ ಮೂರು ಮಹಡಿ ಹತ್ತಿ ಬಂದ. ಲಿಫ್ಟ್ ಕೆಟ್ಟಿತ್ತು. ಅವನು ಬರುವ ಮೊದಲು ಮೆಟ್ಟಿಲ ಕಡೆಯಿಂದ ಅವನ ಉಸಿರು ಬಂತು. ನಾಲ್ಕು ಮೆಟ್ಟಿಲು, ನಿಲ್ಲುವುದು, ಏದುಸಿರು, ಮತ್ತೆ ನಾಲ್ಕು ಮೆಟ್ಟಿಲು. ಒಳಗೆ ಬಂದವನು ಕುರ್ಚಿಯ ಬೆನ್ನು ಹಿಡಿದು ನಿಂತ. ಉಗುರುಗಳ ಸುತ್ತ ಬಣ್ಣವಿತ್ತು, ತುಟಿಗಳು ನೀಲಿಗಟ್ಟಿದ್ದವು.

"ಕೂತ್ಕೊಳ್ಳಿ ಯಜಮಾನ್ರೇ, ಮೊದಲು ನೀರು ಕುಡೀರಿ" ಎಂದ ಬಟನ್ ಅಣ್ಣ.

"ನೀರು ಇರಲಿ ಸಾರ್. ನಂದು ಎಷ್ಟನೇ ನಂಬರು ಅಂತ ಒಂಚೂರು ನೋಡ್ತೀರಾ? ಜಗಳಕ್ಕೆ ಬಂದಿದ್ದಲ್ಲ. ನನ್ನ ಹೆಂಡತಿ ತಮ್ಮ ಬೇರೆ ಸೆಂಟರಿನವನು, ನನಗಿಂತ ಎರಡು ತಿಂಗಳು ಆಮೇಲೆ ಹೆಸರು ಕೊಟ್ಟ. ಅವನಿಗೆ ಆಪರೇಷನ್ ಆಗಿ ಈಗ ಕೆಲಸಕ್ಕೂ ಹೋಗ್ತಿದ್ದಾನೆ. ನನ್ನ ಹೆಸರು ಎಲ್ಲಾದ್ರೂ ಕೆಳಗೆ ಜಾರಿದೆಯೋ ಏನೋ ಅಂತ."

"ಜಾರೋದೆಲ್ಲ ಇಲ್ಲ, ಕಂಪ್ಯೂಟರ್ ಮಾಡೋದು" ಎಂದು ನಕ್ಕು ಬಟನ್ ಅಣ್ಣ ಕಾರ್ಡಿನ ನಂಬರು ಹೊಡೆದ. ಸಿಗಲಿಲ್ಲ. ಹೆಸರು ಹೊಡೆದ. ಸಿಗಲಿಲ್ಲ. ಫೋನ್ ನಂಬರು ಹೊಡೆದ. ನಗು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಕಾರ್ಡಿನ ಮೇಲಿದ್ದ ಕೇಂದ್ರದ ಹೆಸರು ನೋಡಿದ. ಅದು ಅವನ ಅಕ್ಕ ನರ್ಸ್ ಆಗಿರುವ ಕೇಂದ್ರ.

ನೋಡಿ ತಿಳಿಸುತ್ತೇನೆಂದು ಹೇಳಿ ಅವನನ್ನು ಕಳಿಸಿದ. ಆಮೇಲೆ ಒಂದೂವರೆ ವರ್ಷದಲ್ಲಿ ಮೊದಲ ಸಲ ಅಕ್ಕ ಕಳಿಸಿದ ಫೈಲನ್ನು ಕೈಯಾರೆ ತೆರೆದ.

ಇಪ್ಪತ್ತಮೂರನೇ ಸಾಲಿನಲ್ಲಿ ಅಂಚೆ ಹಂಚುತ್ತಿದ್ದ ಒಬ್ಬ ಮುದುಕನ ಹೆಸರು, ಅದರ ಕೊನೆಗೆ 'ಮೃತ' ಎಂದಿತ್ತು. ಇಪ್ಪತ್ನಾಲ್ಕನೇ ಸಾಲು ಖಾಲಿ. ಅದರ ಕೆಳಗೆ ಮತ್ತೆ ಹೆಸರುಗಳು. ಬೋರ್ಡ್ ಬರೆಯುವವನು ಅಲ್ಲಿದ್ದ. ಒಟ್ಟು ಹದಿನೇಳು ಜನ ಅಲ್ಲಿದ್ದರು. ಅವರಲ್ಲಿ ನಾಲ್ವರ ಮುಂದೆ 'ಮೃತ' ಎಂದಿತ್ತು, ಒಬ್ಬೊಬ್ಬರ ಕೆಳಗೂ ಒಂದೊಂದು ಸಾಲು ಖಾಲಿ ಬಿಟ್ಟಿತ್ತು.

ಆ ಖಾಲಿ ಸಾಲುಗಳು ಏನೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಮ್ಮ ಹೋದ ಮೇಲೆ ಅವನನ್ನು ಬೆಳೆಸಿದವಳು ಅಕ್ಕನೇ. ಅವಳಿಗೆ ಡ್ಯೂಟಿ ಇದ್ದ ದಿನ ಶಾಲೆ ಬಿಟ್ಟು ನೇರ ವಾರ್ಡಿಗೆ ಹೋಗಿ ನರ್ಸುಗಳ ಕೋಣೆಯಲ್ಲಿ ಮಗ್ಗಿ ಬರೆಯುತ್ತಿದ್ದ. ಅಲ್ಲಿನ ದಪ್ಪ ರಿಜಿಸ್ಟರಿನಲ್ಲಿ ಅಲ್ಲಲ್ಲಿ ಸಾಲು ಬಿಟ್ಟಿರುತ್ತಿತ್ತು. ಯಾಕೆಂದು ಕೇಳಿದ್ದಕ್ಕೆ ಅಕ್ಕ ಹೇಳಿದ್ದಳು: ತೀರಿಕೊಂಡವರ ಹೆಸರಿಗೆ ಒತ್ತಿ ಬದುಕಿರುವವರ ಹೆಸರು ಬರೆಯಬಾರದು, ಒಂದು ಸಾಲು ಬಿಡಬೇಕು, ನಮ್ಮ ಹಿರಿಯ ಸಿಸ್ಟರು ಕಲಿಸಿದ್ದು. ಯಾವ ನಿಯಮದ ಪುಸ್ತಕದಲ್ಲೂ ಅದು ಇರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಸತ್ತವರ ಸಾಲನ್ನು ಅಳಿಸಿಬಿಡುತ್ತಿದ್ದರು, ಕೆಳಗೆ ಸಾಲು ಬಿಡುವ ಪ್ರಶ್ನೆಯೇ ಇರಲಿಲ್ಲ. ಹೋದ ಡಿಸೆಂಬರಿನಲ್ಲಿ ಮೇಲಿನಿಂದ ಹೊಸ ಆದೇಶ ಬಂತು, ಇನ್ನು ಯಾರ ಸಾಲನ್ನೂ ಅಳಿಸಬೇಡಿ, ಹೆಸರಿನ ಮುಂದೆ 'ಮೃತ' ಎಂದಷ್ಟೇ ಬರೆಯಿರಿ ಎಂದು. ಅಕ್ಕ ಬರೆದಳು. ಬರೆದು, ನಲವತ್ತು ವರ್ಷದ ಅಭ್ಯಾಸದಂತೆ, ಕೆಳಗೆ ಒಂದು ಸಾಲು ಬಿಟ್ಟಳು.

ಕೈಯಿಂದ ಮಾಡುತ್ತಿದ್ದ ಕಾಲದಲ್ಲಾಗಿದ್ದರೆ ಅವನ ಕಣ್ಣು ಆ ಸಾಲನ್ನು ದಾಟಿ ಕೆಳಗೆ ಹೋಗುತ್ತಿತ್ತು. ಬಟನ್ ದಾಟಲಿಲ್ಲ. ದಾಟು ಎಂದು ಅವನು ಹೇಳಿಕೊಟ್ಟಿರಲಿಲ್ಲ. ಹನ್ನೊಂದು ತಿಂಗಳು ಆ ಹದಿನೇಳು ಜನ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದ್ದರು, ಬರಲಾರದ ಕರೆಗೆ. ಒಬ್ಬರೂ ದೂರಲಿಲ್ಲ. ಕಾಯಿರಿ ಎಂದಿದ್ದರು, ಕಾಯುತ್ತಿದ್ದರು. ಕಾಯುವವರು ಗಲಾಟೆ ಮಾಡುವುದಿಲ್ಲ, ಅದೇ ಈ ಲೋಕದ ದೊಡ್ಡ ಅನ್ಯಾಯ.

ಮ್ಯಾಕ್ರೋ ಸರಿಮಾಡಲು ಅವನಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಮೇಲಿನಿಂದ ಇಳಿಯುವ ಬದಲು ಶೀಟಿನ ತಳದಿಂದ ಮೇಲಕ್ಕೆ ಬಾ, ಮೊದಲು ಸಿಗುವ ಹೆಸರೇ ಕೊನೆಯ ಸಾಲು ಎಂದು ಬದಲಿಸಿದ. ಒಂದೇ ಒಂದು ವಾಕ್ಯ. ಒತ್ತಿ ನೋಡಿದ, ಪಟ್ಟಿಗೆ ಸರಿಯಾಗಿ ಹದಿನೇಳು ಹೆಸರುಗಳು ಸೇರಿದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತ.

ಮ್ಯಾನೇಜರ್ ಮೇಡಂ ಕೆಟ್ಟವರಲ್ಲ. ಪೂರ್ತಿ ಕೇಳಿಸಿಕೊಂಡರು, ಎದ್ದು ಬಾಗಿಲು ಹಾಕಿಬಂದರು.

"ಬದುಕಿರೋರು ಹದಿಮೂರು ಜನ ತಾನೇ? ಅವರನ್ನ ಹೊಸಬರು ಅಂತ ಪಟ್ಟಿಯ ಕೊನೆಗೆ ಸೇರಿಸಿಬಿಡಿ. ಯಾರೂ ಕೇಳಲ್ಲ."

"ಕೊನೆಗೆ ಹಾಕಿದ್ರೆ ಇನ್ನೂ ಹದಿನಾಲ್ಕು ತಿಂಗಳು ಮೇಡಂ."

"ಹಳೇ ದಿನಾಂಕದ ಪ್ರಕಾರ ಮೇಲೆ ತರಬೇಕು ಅಂದ್ರೆ ದೊಡ್ಡ ಆಸ್ಪತ್ರೆಗೆ ಪತ್ರ ಹೋಗಬೇಕು. ಕಾರಣ ಬರೀಬೇಕು. ಇವರು ಇಂಥ ದಿನ ಹೆಸರು ಕೊಟ್ಟಿದ್ದು ನಿಜ ಅಂತ ಆ ಸೆಂಟರಿನ ಸಿಸ್ಟರ್ ಹದಿನೇಳು ಹೆಸರಿನ ಎದುರಿಗೂ ಸೈನ್ ಹಾಕಬೇಕು. ಸತ್ತವರದ್ದೂ ಸೇರಿ. ಅವರು ನಿಮ್ಮ ಅಕ್ಕ ಅಲ್ವಾ?"

"ಹೌದು ಮೇಡಂ."

"ರಿಟೈರ್ ಆಗೋಕೆ ಎಷ್ಟಿದೆ?"

"ಏಳು ತಿಂಗಳು."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ಹಾವೂ ಸಾಯಬಾರದು, ಕೋಲೂ ಮುರೀಬಾರದು. ನಾನು ಹೇಳೋದು ಇಷ್ಟೇ. ಪತ್ರ ತಂದ್ರೆ ನಾನು ಸೈನ್ ಹಾಕ್ತೀನಿ, ತರದಿದ್ರೆ ಕೇಳಲ್ಲ. ಯೋಚನೆ ಮಾಡಿ."

ಯೋಚನೆ ಮಾಡಿದ. ಎರಡು ದಿನ ಬೇರೇನೂ ಮಾಡಲಿಲ್ಲ. ಅತ್ತ ದರಿ, ಇತ್ತ ಪುಲಿ. ಹದಿಮೂರು ಜನ ಮೇಲೆ ಬರಬೇಕಾದರೆ ಅಕ್ಕನಿಗೆ ಗೊತ್ತಾಗಲೇಬೇಕು. ಅಕ್ಕನಿಗೆ ಗೊತ್ತಾಗಬಾರದು ಎಂದರೆ ಅವರು ಕೊನೆಯಲ್ಲಿ ನಿಲ್ಲಬೇಕು. ಇಬ್ಬರನ್ನೂ ಉಳಿಸುವ ಮೂರನೇ ದಾರಿಯನ್ನು ಅವನು ಎಷ್ಟು ಹುಡುಕಿದರೂ ಸಿಗಲಿಲ್ಲ. ತಪ್ಪು ನನ್ನದೇ ಎಂದು ಪತ್ರದಲ್ಲಿ ಬರೆಯಬಹುದು, ಬರೆದೂ ಆಗಿತ್ತು, ಸುಳ್ಳೂ ಅಲ್ಲ. ಆದರೆ ಅಕ್ಕ ಪತ್ರ ಓದಿ ಸುಮ್ಮನಾಗುವವಳೇ? ಒಂದು ಮಗುವಿಗೆ ಸೂಜಿ ಎರಡು ಸಲ ಚುಚ್ಚಬೇಕಾಗಿ ಬಂದರೆ ಆ ದಿನ ಊಟ ಬಿಡುವ ಜಾತಿ ಅವಳದು. ನಲವತ್ತು ವರ್ಷ ಅವಳು ಒಬ್ಬರ ಬಾಯಿಂದಲೂ ಒಂದು ಮಾತು ಅನ್ನಿಸಿಕೊಂಡಿರಲಿಲ್ಲ. ಇನ್ನು ಏಳೇ ತಿಂಗಳು, ಆಮೇಲೆ ಯಾವ ರಿಜಿಸ್ಟರೂ ಅವಳನ್ನು ಕರೆಯುವುದಿಲ್ಲ.

ಕೊನೆಗೆ ಸೇರಿಸೋಣ ಎಂದು ಒಮ್ಮೆ ಕೈ ಹಾಕಿಯೂ ಬಿಟ್ಟ. ಹದಿಮೂರು ಹೆಸರುಗಳನ್ನು ಎತ್ತಿ ಪಟ್ಟಿಯ ತಳದಲ್ಲಿ ಅಂಟಿಸಿದ. ಹದಿಮೂರನೆಯದು ಬೋರ್ಡ್ ಬರೆಯುವವನದು. ಉಳಿಸು ಎಂದು ಒತ್ತಬೇಕಿತ್ತು, ಬೆರಳು ಒತ್ತಲಿಲ್ಲ. ಧೈರ್ಯವೆಂದು ಯಾರೂ ತಿಳಿಯಬೇಡಿ, ಅವನು ಅಂಥ ಧೀರನೇನಲ್ಲ. ಮೆಟ್ಟಿಲ ಕಡೆಯ ಆ ಉಸಿರು ಕಿವಿಯಿಂದ ಹೋಗುತ್ತಿರಲಿಲ್ಲ, ಅಷ್ಟೇ. ಪತ್ರ ಪ್ರಿಂಟ್ ತೆಗೆದು ಬಸ್ಸು ಹತ್ತಿದ.

ಮಧ್ಯಾಹ್ನದ ಹೊತ್ತು. ಕೇಂದ್ರದಲ್ಲಿ ರೋಗಿಗಳು ಕರಗಿದ್ದರು. ಅಕ್ಕ ಹತ್ತಿಯ ಉಂಡೆಗಳನ್ನು ಸ್ಟೀಲಿನ ಡಬ್ಬಿಗೆ ತುಂಬುತ್ತಿದ್ದಳು.

"ಇದೇನೋ, ಕೆಲಸದ ದಿನ ಬಂದುಬಿಟ್ಟೆ? ಮುಖ ಯಾಕೆ ಸುಟ್ಟ ಬದನೆಕಾಯಿ ಆಗಿದೆ? ಮನೇಲಿ ಜಗಳವಾ?"

"ಇಲ್ಲಕ್ಕ. ಒಂದು ಸೈನ್ ಬೇಕಿತ್ತು. ನನ್ನ ಪ್ರೋಗ್ರಾಮಲ್ಲಿ ಒಂದು ಎಡವಟ್ಟಾಗಿದೆ. ನಿಮ್ಮ ಸೆಂಟರಿನ ಕೆಲವು ಹೆಸರು ಪಟ್ಟಿಯಿಂದ ಬಿಟ್ಟುಹೋಗಿವೆ."

ಅಕ್ಕ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಬೆರಳಿಟ್ಟು ಒಂದೊಂದೇ ಹೆಸರು ಓದಿದಳು. ಮೂರನೇ ಹೆಸರು ತೀರಿಕೊಂಡವರದು, ಅದರ ಮೇಲೆ ಬೆರಳು ನಿಂತಿತು.

"ಎಷ್ಟು ತಿಂಗಳಿಂದ?"

"ಹನ್ನೊಂದು."

"ಬೇರೆ ಸೆಂಟರಿನವು?"

"ಇಲ್ಲ."

"ನಮ್ಮದೊಂದೇ ಯಾಕೆ?"

ಬಸ್ಸಿನಲ್ಲಿ ಎರಡು ಗಂಟೆ ಅವನು ಇದಕ್ಕೊಂದು ಉತ್ತರ ಹೊಸೆದಿದ್ದ. ಫೈಲು ಅರ್ಧಂಬರ್ಧ ಇಳಿದಿತ್ತು, ಸರ್ವರ್ ನಿಧಾನವಿತ್ತು, ಹಾಗೆ ಹೀಗೆ ಎಂದು ಹೇಳಿ ಮುಗಿಸಿದ. ಅಕ್ಕ ಪೂರ್ತಿ ಕೇಳಿದಳು.

"ಸುಳ್ಳು ಹೇಳೋವಾಗ ನಿನ್ನ ಕಿವಿ ಕೆಂಪಾಗೋದು ಇನ್ನೂ ಹೋಗಿಲ್ಲ ನೋಡು" ಎಂದಳು. ಎದ್ದು ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಒಂದು ಕಾಲದಲ್ಲಿ ಅವಳು ಅವನ ಕೈ ಹಿಡಿದು ಅಕ್ಷರ ತಿದ್ದಿಸಿದ್ದಳು, ಆಮೇಲೆ ಅವನು ಅವಳ ಕೈ ಹಿಡಿದು ಮೌಸ್ ಓಡಿಸುವುದನ್ನು ಕಲಿಸಿದ್ದ. ಚೆನ್ನಾಗಿಯೇ ಕಲಿತಿದ್ದಳು. ಫೈಲು ತೆರೆದು, ಪತ್ರವನ್ನು ಪರದೆಯ ಪಕ್ಕ ಹಿಡಿದು, ಪತ್ರದ ಮೊದಲ ಹೆಸರು ಶೀಟಿನಲ್ಲಿ ಎಲ್ಲಿದೆಯೆಂದು ನೋಡಿದಳು. ಆಮೇಲೆ ಅದರ ಮೇಲಿನ ಸಾಲು ನೋಡಿದಳು.

"ಇದು ನಾನು ಬಿಟ್ಟಿದ್ದು" ಎಂದಳು.

"ಅಕ್ಕ, ತಪ್ಪು ನಂದು. ಖಾಲಿ ಸಾಲಿಗೆ ನಿಲ್ಲು ಅಂತ ನಾನೇ ಅದಕ್ಕೆ ಹೇಳಿದ್ದೆ. ಯಾವ ಮೂರ್ಖನೂ ಹಾಗೆ ಬರಿಯಲ್ಲ. ನಿನಗೇನು ಗೊತ್ತು ಪಾಪ."

"ಇಲ್ಲಿ ನಿಂತುಬಿಡ್ತಾ?"

"ಹೂಂ."

"ಇವರೆಲ್ಲ ಕೆಳಗೇ ಉಳಿದ್ರಾ?"

ಅಕ್ಕ ಅಳಲಿಲ್ಲ. ಅತ್ತಿದ್ದರೆ ಅವನಿಗೆ ಎಷ್ಟೋ ನಿರಾಳವಾಗುತ್ತಿತ್ತು. ಪೆನ್ನು ತೆಗೆದು ಹದಿನೇಳು ಹೆಸರುಗಳ ಎದುರಿಗೂ ಸೈನ್ ಹಾಕಿದಳು, ಅವಸರವಿಲ್ಲದೆ, ಒಂದೊಂದು ಸೈನೂ ಪೂರ್ತಿ. ಅಷ್ಟಾದ ಮೇಲೆ ಕೇಳಿದಳು.

"ತೀರಿಕೊಂಡ ಈ ನಾಲ್ಕು ಜನರಲ್ಲಿ ಯಾರ ಸರದಿ ಬಂದುಬಿಟ್ಟಿರ್ತಿತ್ತು?"

"ಅದೆಲ್ಲ ಈಗ ಯಾಕಕ್ಕ."

"ಲೆಕ್ಕ ಹಾಕದೆ ಬರೋನಲ್ಲ ನೀನು. ಹೇಳು."

ಲೆಕ್ಕ ಹಾಕಿದ್ದ. ಯಾವ ದಿನಾಂಕದವರನ್ನು ಯಾವ ತಿಂಗಳು ಕರೆದರು ಎಂಬುದು ದೊಡ್ಡ ಆಸ್ಪತ್ರೆಯಿಂದ ವಾಪಸ್ ಬರುವ ಶೀಟಿನಲ್ಲಿ ಇರುತ್ತದೆ, ನೋಡಿಕೊಂಡರೆ ತಿಳಿಯುತ್ತದೆ. ಒಬ್ಬ ಅಜ್ಜಿಯದು ಹೇಗಿದ್ದರೂ ಬರುತ್ತಿರಲಿಲ್ಲ. ಉಳಿದ ಮೂವರದು ಅವರು ಸಾಯುವ ಮೊದಲೇ ಬಂದಿರುತ್ತಿತ್ತು. ಬಸ್ ಓಡಿಸುತ್ತಿದ್ದವನು, ಇಬ್ಬರು ಮಕ್ಕಳ ತಾಯಿ, ಟೈಲರನ ಮಗಳು.

"ಅವರ ಮನೆಗಳಿಗೆ ಹೋಗಬೇಕು" ಎಂದಳು ಅಕ್ಕ.

"ಬೇಡಕ್ಕ, ನಿನ್ನ ಕಾಲಿಗೆ ಬೀಳ್ತೀನಿ. ಅವರೆಲ್ಲ ಹಣೆಬರಹ ಅಂದ್ಕೊಂಡು ಹೇಗೋ ಸಮಾಧಾನ ಮಾಡ್ಕೊಂಡಿದ್ದಾರೆ. ಈಗ ಹೋಗಿ ಹೇಳಿದ್ರೆ ಗಾಯಕ್ಕೆ ಉಪ್ಪು ಸವರಿದ ಹಾಗಾಗುತ್ತೆ. ಬದುಕಿರೋರಿಗೆ ದಾರಿ ಆಯ್ತಲ್ಲ, ಸಾಕು."

"ಹಣೆಬರಹ ಅಲ್ಲ ಅಂತ ನಮಗೆ ಗೊತ್ತಲ್ಲ. ನಾಳೆ ಅವರು ದಾರೀಲಿ ಸಿಕ್ಕಿ, ಚೆನ್ನಾಗಿದ್ದೀರಾ ಸಿಸ್ಟರ್ ಅಂದ್ರೆ ನಾನೇನನ್ನಲಿ?"

"ಹಾಗಾದ್ರೆ ನಾನೊಬ್ಬನೇ ಹೋಗಿ ಹೇಳಿ ಬರ್ತೀನಿ."

"ನೀನ್ಯಾರು ಅಂತ ಅವರಿಗೇನು ಗೊತ್ತು? ಅವರು ಹೆಸರು ಕೊಟ್ಟಿದ್ದು ನನ್ನ ಕೈಗೆ."

ಟೈಲರನ ಮನೆ ಹತ್ತಿರದಲ್ಲೇ ಇತ್ತು, ಎರಡು ಬೀದಿ ಆಚೆ. ಅದೇ ಮೊದಲಾಯಿತು. ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ತುಳಿಯುವ ಮೆಷಿನ್ನು, ಗೋಡೆಗೆ ಅರ್ಧ ಹೊಲಿದ ಕೋಟು, ನೆಲದ ತುಂಬ ಬಟ್ಟೆಯ ಚೂರು. ಟೈಲರ್ ಅಕ್ಕನನ್ನು ನೋಡಿದ್ದೇ ತಡ ಎದ್ದು, ಕುರ್ಚಿಯ ಮೇಲಿದ್ದ ಬಟ್ಟೆಯನ್ನೆಲ್ಲ ಬಾಚಿ ಕೆಳಗೆ ಹಾಕಿದ.

"ಬನ್ನಿ ಸಿಸ್ಟರ್, ಬನ್ನಿ. ಮಗಳು ಹೋದ ಮೇಲೆ ನೀವು ಈ ಕಡೆ ಬರಲೇ ಇಲ್ಲ. ನನ್ನ ಹೆಂಡತಿ ಊರಲ್ಲಿಲ್ಲ, ಇದ್ದಿದ್ರೆ ಖುಷಿ ಪಡ್ತಿದ್ಲು."

ಅಕ್ಕ ಕೂರಲಿಲ್ಲ. ನಿಂತೇ ಹೇಳಿದಳು. ಸುತ್ತಿ ಬಳಸಿ ಹೇಳಲಿಲ್ಲ, ತಮ್ಮನ ಹೆಸರನ್ನೂ ಎತ್ತಲಿಲ್ಲ. ಹೆಸರುಗಳ ನಡುವೆ ನಾನೊಂದು ಸಾಲು ಬಿಟ್ಟೆ, ಅದರಿಂದ ನಿಮ್ಮ ಮಗಳ ಹೆಸರು ದೊಡ್ಡ ಆಸ್ಪತ್ರೆಗೆ ಹೋಗಲೇ ಇಲ್ಲ, ಹನ್ನೊಂದು ತಿಂಗಳು ಯಾರಿಗೂ ಗೊತ್ತಾಗಲಿಲ್ಲ ಎಂದಳು. ಬಟನ್ ಅಣ್ಣ ನಡುವೆ ಬಾಯಿ ಹಾಕಿ, ತಪ್ಪು ನನ್ನದು ಸಾರ್, ಕಂಪ್ಯೂಟರಿನದು ಎಂದ. ಟೈಲರ್ ಅವನ ಕಡೆ ನೋಡಲಿಲ್ಲ.

ಮನುಷ್ಯನಿಗೆ ಮೊದಲು ಅರ್ಥವೇ ಆಗಲಿಲ್ಲ. ಸಾಲು ಎಂದರೇನು, ಬಿಡುವುದೆಂದರೇನು ಎಂದು ಎರಡು ಸಲ ಕೇಳಿದ. ಅಕ್ಕ ಎರಡು ಸಲವೂ ಹೇಳಿದಳು. ಆಮೇಲೆ ಅವನು ಮೆಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕೂತ.

"ಅಂದ್ರೆ, ಫೋನ್ ಬರ್ತಿತ್ತಾ?"

"ಬರ್ತಿತ್ತು."

"ಯಾವಾಗ?"

ಅಕ್ಕ ತಮ್ಮನ ಮುಖ ನೋಡಿದಳು. ಹೇಳಬೇಕಾದವನು ಅವನೇ.

"ಮಾರ್ಚ್‌ನಲ್ಲಿ. ಎರಡನೇ ವಾರ."

ಹುಡುಗಿ ಹೋದದ್ದು ಜೂನ್‌ನಲ್ಲಿ. ಹತ್ತೊಂಬತ್ತು ವರ್ಷ. ಟೈಲರ್ ಬೆರಳು ಮಡಚಿ ಏನನ್ನೋ ಎಣಿಸಿಕೊಂಡ.

"ಮಾರ್ಚ್‌ನಲ್ಲಿ ಅವಳು ದಿನಾ ಒಂದು ಗಂಟೆ ಈ ಮೆಷಿನ್ ತುಳೀತಿದ್ಲು. ಬೇಡ ಕಣೇ ಅಂತ ನಾನು ಬೈತಿದ್ದೆ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನೆನಪಿನಿಂದ ಹುಡುಕಿ ತೆಗೆದು ಕೊಡುತ್ತಿರುವವನಂತೆ ನಿಧಾನವಾಗಿ ಹೇಳುತ್ತಿದ್ದ. "ಏಪ್ರಿಲ್‌ನಲ್ಲಿ ಸ್ವಲ್ಪ ಜಾಸ್ತಿ ಆಯ್ತು. ಆವಾಗ ನಾನು ನಿಮ್ಮ ಹತ್ರ ಬಂದಿದ್ದೆ ಸಿಸ್ಟರ್, ನೆನಪಿದೆಯಾ? ನಾವೇ ದೊಡ್ಡ ಆಸ್ಪತ್ರೆಗೆ ಹೋಗಿ ಬಾಗಿಲಲ್ಲಿ ಕೂತ್ಕೊಳ್ಳೋಣವಾ ಅಂತ ಕೇಳಿದ್ದೆ. ಬಟ್ಟೆ ಕೂಡ ಕಟ್ಟಿಟ್ಟಿದ್ವಿ."

ಅಕ್ಕ ಹೌದೆಂದು ತಲೆಯಾಡಿಸಿದಳು.

"ಅಲ್ಲಿ ಸುಮ್ಮನೆ ಅಲೆಸ್ತಾರೆ, ಮಗು ದಣಿಯುತ್ತೆ, ಹೆಸರು ಪಟ್ಟೀಲಿದೆ ಅಂದ್ರಿ ನೀವು. ನೀವು ಹೇಳಿದ್ರಿ ಅಂತ ಗಂಟು ಬಿಚ್ಚಿ ಮನೇಲೇ ಕಾದ್ವಿ."